ಪರದೆಯ ಮುಂದಿನ ಜಾಗ

ಐವತ್ತೆರಡನೆಯ ವಯಸ್ಸಿನಲ್ಲಿ, ಬಾಯಲ್ಲಿ ಉಪ್ಪಿಟ್ಟು ತುಂಬಿಕೊಂಡಿದ್ದಾಗ, ನನಗೊಬ್ಬಳು ಅಕ್ಕ ಇದ್ದಳೆಂದು ಗೊತ್ತಾಯಿತು.

ಆಗಷ್ಟೇ ಬಿಲ್ಡರ್ ಕಡೆಯ ಇಂಜಿನಿಯರ್ ಫೋನ್ ಮಾಡಿದ್ದ. ನಮ್ಮ ಜಾಗದಲ್ಲಿದ್ದ ಹಳೆಯ ಟಾಕೀಸಿನ ಗೋಡೆಗಳನ್ನು ಕೆಡವಿ ಮುಗಿದಿತ್ತು. ಸೋಮವಾರದಿಂದ ಪಾಯ ತೋಡುತ್ತೇವೆ, ಪರದೆ ಇದ್ದ ಕಡೆಯಿಂದ ಶುರು ಎಂದ. ಆ ಮಾತನ್ನು ಅಮ್ಮನಿಗೆ ಹೇಳಿದೆ. ಅವಳು ಕಾಫಿ ಸೋಸುತ್ತಿದ್ದಳು. ಸೋಸುವುದನ್ನು ನಿಲ್ಲಿಸದೆಯೇ ಹೇಳಿದಳು.

"ಪರದೆ ಮುಂದೆ ಅಗೀಬ್ಯಾಡಿ ಅಂತ ಏಳು. ಅಲ್ಲಿ ನಿಮ್ಮಕ್ಕ ಅವ್ಳೆ."

"ಯಾವ ಅಕ್ಕ?"

"ನಿನ್ನ ಒಡಹುಟ್ಟಿದೋಳು. ನಿನಗಿಂತ ಮುಂಚೆ ಉಟ್ಟಿದ್ಲು. ಎಂಟು ತಿಂಗಳ ಕೂಸು."

ಅಮ್ಮನಿಗೆ ಅರಳುಮರಳು ಶುರುವಾಯಿತು ಎಂದುಕೊಂಡೆ. ಅವಳಿಗೆ ಎಪ್ಪತ್ತೈದು ದಾಟಿದೆ, ಆಗುವ ವಯಸ್ಸೇ. ಆದರೆ ಕಾಫಿ ಲೋಟದ ಹೊರಗೆ ಒಂದು ಹನಿ ಬೀಳಲಿಲ್ಲ. ಲೋಟವನ್ನು ನನ್ನ ಮುಂದಿಟ್ಟು ಎದುರಿಗೆ ಕೂತಳು. ಉಪ್ಪಿಟ್ಟು ನುಂಗಲೂ ಆಗದೆ ಉಗಿಯಲೂ ಆಗದೆ ಪೆದ್ದನ ಹಾಗೆ ಅವಳನ್ನೇ ನೋಡುತ್ತಿದ್ದೆ.

ಮಗುವಿಗೆ ಎರಡು ದಿನ ಜ್ವರ ಬಂದಿತ್ತಂತೆ. ಮೂರನೆಯ ದಿನ ಬೆಳಗ್ಗೆ ಇಲ್ಲ. ಅಜ್ಜ ಮತ್ತು ಅಪ್ಪ ಅದನ್ನು ಒಂದು ಬಟ್ಟೆಯಲ್ಲಿ ಸುತ್ತಿಕೊಂಡು ಹೊಲಕ್ಕೆ ಹೋದರು. ನಮ್ಮ ಕಡೆ ಸತ್ತವರನ್ನು ನಮ್ಮ ನಮ್ಮ ಹೊಲದಲ್ಲೇ ಮಣ್ಣು ಮಾಡುತ್ತಿದ್ದರು. ದೊಡ್ಡವರಾದರೆ ಮೇಲೊಂದು ಕಲ್ಲು ಇರುತ್ತಿತ್ತು, ವರ್ಷಕ್ಕೊಮ್ಮೆ ತಿಥಿ, ಪಿತೃಪಕ್ಷದಲ್ಲಿ ಎಡೆ. ಹಾಲುಗಲ್ಲದ ಕೂಸಿಗೆ ಅದ್ಯಾವುದೂ ಇಲ್ಲ. ಕಲ್ಲೂ ಇಲ್ಲ, ಎಡೆಯೂ ಇಲ್ಲ. ಹೆತ್ತವಳು ಆ ಕಡೆ ಹೋಗುವ ಹಾಗೂ ಇಲ್ಲ, ಜಾಗ ಯಾವುದೆಂದು ಕೇಳುವ ಹಾಗೂ ಇಲ್ಲ. ಮಾತೆತ್ತಿದರೆ ಮುಂದಿನ ಮಗುವಿಗೆ ಆಗುವುದಿಲ್ಲ ಎಂದು ಅಜ್ಜಿ ಅಮ್ಮನ ಬಾಯಿ ಕಟ್ಟಿಸಿದಳು. ಆ ಮುಂದಿನ ಮಗು ನಾನು.

ನಮ್ಮ ಊರು ದೊಡ್ಡನೆಕ್ಕುಂದಿಯ ಪಕ್ಕ. ಈಗ ಅದನ್ನು ಊರು ಎಂದರೆ ನಮ್ಮ ಮನೆಯ ಬಾಡಿಗೆದಾರರು ನಗುತ್ತಾರೆ. ನನ್ನ ಉದ್ಯೋಗವೇನೆಂದು ಯಾರಾದರೂ ಕೇಳಿದರೆ ಬಿಲ್ಡಿಂಗ್ ಓನರ್ ಎನ್ನುತ್ತೇನೆ. ನಿಜ ಹೇಳಬೇಕೆಂದರೆ ನೀರಿನ ಟ್ಯಾಂಕರ್‌ನವನಿಗೆ ಫೋನ್ ಮಾಡಿ ಬೈಯುವುದೇ ನನ್ನ ಉದ್ಯೋಗ. ಅಪ್ಪನ ಕಾಲದಲ್ಲಿ ಇಲ್ಲಿ ರಾಗಿ ಬೆಳೆಯುತ್ತಿತ್ತು. ಆ ಮಗು ಹೋದ ಮರುವರ್ಷ ಕೋಲಾರದ ಕಡೆಯವರೊಬ್ಬರು ಬಂದು, ಕೊಯ್ಲಾದ ನಮ್ಮ ಹೊಲದಲ್ಲಿ ಟೆಂಟ್ ಸಿನಿಮಾ ಹಾಕಿದರು. ಬಿದಿರು, ತಟ್ಟಿ, ಮೇಲೆ ತೇಪೆ ಹಚ್ಚಿದ ಗುಡಾರದ ಬಟ್ಟೆ, ಕೂರಲು ಮರಳು. ಸಾಯಂಕಾಲ ಮೈಕಿನಲ್ಲಿ ದೇವರ ಹಾಡು ಹಾಕುತ್ತಿದ್ದರು. ಆ ಹಾಡು ಕೇಳಿದರೆ ಊರಿನ ಹೆಂಗಸರು ಮುದ್ದೆಗೆ ಎಸರಿಡುತ್ತಿದ್ದರಂತೆ. ಹಾಡು ಮುಗಿದರೂ ಸಿನಿಮಾ ಶುರುವಾಗುತ್ತಿರಲಿಲ್ಲ. ಹತ್ತಿರದ ಫ್ಯಾಕ್ಟರಿಯ ಸೈರನ್ ಕೂಗಬೇಕು, ಶಿಫ್ಟ್ ಮುಗಿಸಿದವರು ಗ್ರೀಸ್ ಮೆತ್ತಿದ ಶರ್ಟಿನಲ್ಲೇ ಬಂದು ಮರಳ ಮೇಲೆ ಕೂರಬೇಕು, ಆಮೇಲೆ ಪರದೆಯ ಮೇಲೆ ಬೆಳಕು.

ಮನೆಗೆ ಆ ಹಾಡು ಕೇಳಿಸುತ್ತಿತ್ತು. ಅಮ್ಮ ಸರ್ಜಾಪುರದ ಕಡೆಯಿಂದ ಬಂದ ಸೊಸೆ, ಹದಿನೆಂಟು ಹತ್ತೊಂಬತ್ತರ ಹುಡುಗಿ. ಸೊಸೆಯಂದಿರು ಟೆಂಟಿಗೆ ಹೋಗಿ ಮರಳಲ್ಲಿ ಕೂರುವುದು ಅಜ್ಜಿಯ ಪ್ರಕಾರ ಮನೆತನಕ್ಕೆ ಹೇಳಿಸಿದ್ದಲ್ಲ. ಆದರೆ ಯಾವ ಹೊಲದಲ್ಲಿ ಟೆಂಟ್ ಹಾಕಿದ್ದಾರೆಂದು ತಿಳಿದ ದಿನದಿಂದ ಅಮ್ಮ ಊಟ ಬಿಟ್ಟಳು. ಅಷ್ಟು ಜನ ತುಳಿದಾಡುವ ಜಾಗದಲ್ಲಿ ತನ್ನ ಕೂಸು ಎಲ್ಲಿದೆಯೋ ಎಂಬ ಸಂಕಟ. ನಾಲ್ಕನೆಯ ದಿನ ಅಪ್ಪ ಒಂದೇ ಒಂದು ಸಲ ಬಾಯಿಬಿಟ್ಟ.

"ಪರದೆ ಮುಂದೆ ಐತೆ. ಅಲ್ಲಿ ಯಾರೂ ಗುಂಡಿ ತೋಡಲ್ಲ, ಮಳ್ಳು ಆಕ್ಕೊಂಡು ಕೂತ್ಕೋತಾರೆ ಅಷ್ಟೇಯ. ಇನ್ನು ಕೇಳ್ಬ್ಯಾಡ."

ಅವಳು ಇನ್ನು ಕೇಳಲಿಲ್ಲ. ಅಪ್ಪ ಸತ್ತು ಮೂವತ್ತು ವರ್ಷದ ಮೇಲಾಯಿತು. ಅವನು ಸಾಯುವವರೆಗೂ ಕೇಳಲಿಲ್ಲ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ಹೆಂಗಸು ಒಂದು ವಾಕ್ಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ನಮಗೆ ಅಡುಗೆ ಮಾಡಿ ಬಡಿಸಿದ್ದಾಳೆ.

ನನಗೆ ತಿಳಿವಳಿಕೆ ಬರುವಷ್ಟರಲ್ಲಿ ಟೆಂಟ್ ಹೋಗಿ ಕಟ್ಟಡ ಬಂದಿತ್ತು. ಇಟ್ಟಿಗೆ ಗೋಡೆ, ಮೇಲೆ ಶೀಟು, ಹಿಂದುಗಡೆ ಪುಟ್ಟದೊಂದು ಬಾಲ್ಕನಿ. ಮುಂಭಾಗದ ಮೆಟ್ಟಿಲು ಬಾಗಿಲಿಗೆ ನೇರವಾಗಿರದೆ ಒಂದು ಮಗ್ಗುಲಿಗೆ ಸರಿದಿತ್ತು. ಮೇಸ್ತ್ರಿ ಕುಡಿದು ಕಟ್ಟಿದ್ದಾನೆಂದು ನಾವು ಹುಡುಗರು ಆಡಿಕೊಳ್ಳುತ್ತಿದ್ದೆವು. ಜಾಗದ ಮಾಲೀಕರೆಂದು ನಮ್ಮ ಮನೆಯವರಿಗೆ ಬಾಲ್ಕನಿಯ ಮೊದಲ ಸಾಲಿನಲ್ಲಿ ಮೆತ್ತನೆಯ ಸೀಟು, ಟಿಕೆಟ್ ಕೇಳುವವರಿಲ್ಲ. ಅಜ್ಜಿ ತೀರಿಕೊಂಡ ಮೇಲೆ ಅಮ್ಮ ಸಿನಿಮಾಕ್ಕೆ ಹೋಗಲು ಶುರು ಮಾಡಿದಳು. ಶುಕ್ರವಾರ ಬಂತೆಂದರೆ ಮ್ಯಾಟಿನಿಗೆ ಹಾಜರ್. ಆದರೆ ಬಾಲ್ಕನಿಗಲ್ಲ, ಗಾಂಧಿ ಕ್ಲಾಸಿಗೆ. ಪರದೆಗೆ ಮೂಗು ತಾಗುವಂತೆ ಮೊದಲನೆಯ ಬೆಂಚು. ಅಪ್ಪ ಅವಳನ್ನು ಕರೆದುಕೊಂಡು ಬರುತ್ತಿದ್ದ, ತಾನು ಒಳಗೆ ಬರುತ್ತಿರಲಿಲ್ಲ. ಹೊರಗೆ ಬೀಡಿ ಸೇದುತ್ತಾ ನಿಂತಿದ್ದು, ಸಿನಿಮಾ ಬಿಟ್ಟಾಗ ಕರೆದುಕೊಂಡು ಹೋಗುತ್ತಿದ್ದ.

ಊರೆಲ್ಲ ಅವಳನ್ನು ಸಿನಿಮಾ ಹುಚ್ಚಿ ಎನ್ನುತ್ತಿತ್ತು. ಕಥೆ ಏನಮ್ಮ ಎಂದರೆ ಹೇಳಲು ಬಾರದ ಹುಚ್ಚಿ. "ಅದೇ, ಒಡೆದಾಡಿದ್ರು, ಆಮೇಲೆ ಮದುವೆ ಆಯ್ತು" ಎನ್ನುವಳು. ಗೆಳೆಯರೆಲ್ಲ ಬಾಲ್ಕನಿಯಲ್ಲಿ ನನ್ನ ಪಕ್ಕ ಕೂತು, ಕೆಳಗೆ ಮೊದಲ ಬೆಂಚಿನಲ್ಲಿ ನನ್ನ ಅಮ್ಮ ಒಬ್ಬಳೇ ತಲೆ ತಗ್ಗಿಸಿ ಕೂತಿರುವುದನ್ನು ನೋಡಿ ಮುಸಿಮುಸಿ ನಗುತ್ತಿದ್ದರು. ಹೌದು, ತಲೆ ತಗ್ಗಿಸಿ. ಪರದೆ ಇರುವುದು ಮೇಲೆ, ಇವಳು ನೆಲ ನೋಡುತ್ತಾಳೆ. ನಿದ್ದೆ ಹೊಡೆಯುತ್ತಿದ್ದಾಳೆ ಎಂದೇ ನಾನು ತಿಳಿದಿದ್ದೆ.

ಆಮೇಲೆ ರಿಂಗ್ ರೋಡು ಬಂತು, ಕಂಪನಿಗಳು ಬಂದವು, ಮಾಲುಗಳು ಬಂದವು. ನಮ್ಮ ಟಾಕೀಸಿಗೆ ಹೊಸ ಸಿನಿಮಾ ಕೊಡುವವರಿಲ್ಲದೆ, ಮನೆಯವರ ಜೊತೆ ನೋಡಲಾಗದ ಚಿತ್ರಗಳು ಬರತೊಡಗಿದವು. ಹೆಂಗಸರು ಆ ರಸ್ತೆಯಲ್ಲಿ ನಡೆಯುವುದನ್ನೂ ಬಿಟ್ಟರು. ಅಮ್ಮ ಬಿಡಲಿಲ್ಲ! ನನಗೆ ಮದುವೆಯಾಗಿ ಆರು ತಿಂಗಳೂ ಆಗಿರಲಿಲ್ಲ. ನನ್ನ ಮಾವನವರು ಬಸ್ ಇಳಿದು ನಮ್ಮ ಮನೆಗೆ ಬರುತ್ತಿದ್ದಾಗ, ಎದೆ ತೆರೆದ ಹೆಂಗಸಿನ ಪೋಸ್ಟರ್ ಕೆಳಗಿನಿಂದ ಸೆರಗು ಹೊದ್ದು ಹೊರಬರುತ್ತಿರುವ ಬೀಗಿತ್ತಿಯನ್ನು ಕಣ್ಣಾರೆ ನೋಡಿದರು. ಆ ದಿನ ನಾನು ಅಮ್ಮನಿಗೆ ಆಡಬಾರದ ಮಾತು ಆಡಿದೆ. ಮಾನ ಮರ್ಯಾದೆ ಇಲ್ಲವಾ ಎಂದೆ. ಅಪ್ಪ ಇದ್ದಿದ್ದರೆ ಕಾಲು ಮುರಿಯುತ್ತಿದ್ದ ಎಂದೆ. ಅವಳು ಬಾಗಿಲ ಪಕ್ಕ ನಿಂತುಕೊಂಡು, "ನಾನು ಸಿನಿಮಾ ನೋಡಲ್ಲ ಕಣೋ" ಎಂದಳು. ಎಂಥ ಕಳ್ಳ ಸುಳ್ಳು ಎಂದುಕೊಂಡು ಇನ್ನೂ ಎರಡು ಮಾತು ಸೇರಿಸಿ ಬೈದೆ.

ಟಾಕೀಸು ಮುಚ್ಚಿ, ಅದು ಆನ್‌ಲೈನ್ ಸಾಮಾನುಗಳ ಗೋಡೌನ್ ಆದಾಗಲೂ ಅವಳು ಡಬ್ಬಿಯಲ್ಲಿ ಚಿತ್ರಾನ್ನ ಹಾಕಿಕೊಂಡು ಅಲ್ಲಿನ ಸೆಕ್ಯುರಿಟಿಗೆ ಕೊಡುವ ನೆಪದಲ್ಲಿ ಹೋಗುತ್ತಿದ್ದಳು. ಬಿಹಾರದ ಆ ಹುಡುಗ ಒಳಗೆ ಬಿಡುತ್ತಿದ್ದ. ಇವಳು ರಟ್ಟಿನ ಪೆಟ್ಟಿಗೆಗಳ ನಡುವೆ ಐದು ನಿಮಿಷ ನಿಂತು ಬರುವಳು. ಅದಕ್ಕೂ ನಾನು ಬೈದಿದ್ದೇನೆ.

ಇದೆಲ್ಲ ಆ ಬೆಳಗ್ಗೆ ನನ್ನ ತಲೆಯೊಳಗೆ ಒಂದರ ಮೇಲೊಂದು ಬಿದ್ದಿತು. ನಾನು ಕೇಳಿದ್ದು ಒಂದೇ. "ಯಾಕಮ್ಮಾ ಇಷ್ಟು ವರ್ಷ ಹೇಳಲಿಲ್ಲ?"

"ಏಳಿ ಏನ್ ಮಾಡೋದು? ಮಣ್ಣು ಮಾಡಿದ ಗುಡ್ಡೆತಾವಕ್ಕೆ ಎಂಗಸ್ರು ಓಗಂಗಿಲ್ಲ ಅಂದ್ರು. ಸಿನಿಮಾಕ್ಕೆ ಓಗಬೌದಲ್ಲ, ಓದೆ."

ಅಷ್ಟು ಹೇಳಿ, ಕಾಫಿ ಆರಿಹೋಗ್ತದೆ ಕುಡಿ ಎಂದಳು. ನಾನು ಜೋರಾಗಿ ಅತ್ತೆ. ಹೆಂಡತಿ ಒಳಗಿನಿಂದ ಓಡಿಬಂದು, ಯಾರಿಗೇನಾಯಿತು ಎಂದು ನಮ್ಮಿಬ್ಬರ ಮುಖ ನೋಡಿದಳು.

ಮಧ್ಯಾಹ್ನ ಇಂಜಿನಿಯರನ್ನು ಸೈಟಿನಲ್ಲಿ ಹಿಡಿದೆ. ಮೂವತ್ತು ದಾಟದ ಹುಡುಗ, ಹುಬ್ಬಳ್ಳಿ ಕಡೆಯವನು. ಎರಡು ಮಹಡಿ ನೆಲದಡಿಯ ಪಾರ್ಕಿಂಗ್ ಬರಬೇಕು, ಪರದೆ ಇದ್ದ ಕಡೆ ಇಪ್ಪತ್ತು ಅಡಿ ತೋಡಲೇಬೇಕು ಎಂದ. ಬಿಟ್ಟು ತೋಡಲು ಸಾಧ್ಯವೇ ಇಲ್ಲವಾ ಎಂದೆ. ಅವನು ನಕ್ಷೆ ಹರಡಿ, ನನ್ನ ಮುಖ ನೋಡಿ, ಮತ್ತೆ ಮಡಚಿದ.

"ಸರ್, ಸೋಮವಾರದ ತನಕ ಟೈಮ್ ಐತ್ರಿ. ನೀವಽ ಕೈಲೆ ತೆಗೆಸಿಬಿಡ್ರಿ, ಬ್ಯಾರೆ ಕಡೆ ಸಮಾಧಿ ಮಾಡ್ರಿ. ಅಲ್ಲೀಮಟ ನಾ ಮಷಿನ್ ಮುಟ್ಟಾಂಗಿಲ್ಲ."

ಅಮ್ಮನಿಗೆ ಹೇಳಿದೆ. ಅವಳು ತಲೆಯಾಡಿಸಿದಳು. "ಸಿಕ್ಕಷ್ಟು ತತ್ತಾ. ಮೂಳೆ ಇರಾಕಿಲ್ಲ, ಕೂಸಲ್ವಾ. ಮಣ್ಣಾದ್ರೂ ತತ್ತಾ" ಎಂದಳು.

ಆದರೆ ಮೊದಲ ಬೆಂಚು ಎಲ್ಲಿತ್ತೆಂದು ಹೇಳುವವರು ಯಾರು? ಗೋಡೆಯಿಲ್ಲ, ಬೆಂಚಿಲ್ಲ, ಎಲ್ಲ ಇಟ್ಟಿಗೆ ಚೂರು. ನನಗೆ ನೆನಪಾದದ್ದು ಹಳೆಯ ಗೇಟ್‌ಕೀಪರ್. ಟೆಂಟಿನ ಕಾಲದಿಂದ ಟಾಕೀಸು ಮುಚ್ಚುವವರೆಗೂ ಟಿಕೆಟ್ ಹರಿದು, ಟಾರ್ಚ್ ಬಿಟ್ಟು ಸೀಟು ತೋರಿಸಿದವನು. ಕೆರೆಯ ಹಿಂದಿನ ಸಾಲುಮನೆಯಲ್ಲಿ ಮಗಳ ಜೊತೆ ಇದ್ದಾನೆ. ಶನಿವಾರ ಬೆಳಗ್ಗೆ ಆಟೋದಲ್ಲಿ ಕರೆತಂದೆ. ಗುದ್ದಲಿ ಹಿಡಿದ ಇಬ್ಬರು ಆಳುಗಳು ಕಾಯುತ್ತಿದ್ದರು. ಮುದುಕ ಕೋಲೂರಿಕೊಂಡು, ಉಳಿದಿದ್ದ ಒಂದು ಕಂಬದಿಂದ ಹೆಜ್ಜೆ ಎಣಿಸುತ್ತಾ ಬಂದು, "ಇಲ್ಲೇ ಸಾಮಿ, ಅಮ್ಮಾವ್ರು ಕೂತ್ಕೋತಿದ್ದಿದ್ದು" ಎಂದ. ನಾನು ಸುಣ್ಣದ ಪುಡಿಯಲ್ಲಿ ಗುರುತು ಹಾಕಿಸಿದೆ.

ಯಾತಕ್ಕೆ ಎಂದು ಅವನು ಕೇಳಿದ. ಹೇಳಿದೆ. ಅವನು ಸುಣ್ಣದ ಗುರುತನ್ನು ಕೋಲಿನ ತುದಿಯಿಂದ ಮುಟ್ಟಿ ನೋಡಿದ. ಆಮೇಲೆ ಕೇಳಿದ.

"ಪರದೆ ಮುಂದೆ ಅಂತ ಅಪ್ಪಾವ್ರು ಏಳಿದ್ದು ಯಾವಾಗ?"

"ಟೆಂಟ್ ಇದ್ದಾಗ ಅಣ್ಣ. ಟೆಂಟ್ ಹಾಕಿದ ವರ್ಷವೇ."

ಮುದುಕ ಕೋಲು ಬಿಟ್ಟು ತಲೆಯ ಮೇಲೆ ಕೈ ಹೊತ್ತುಕೊಂಡ. "ಅಯ್ಯೋ ಸಾಮಿ! ಟೆಂಟ್ ಇದ್ದಾಗ ಪರದೆ ಇಲ್ಲಿತ್ತಾ? ಆವಾಗ ಜನ ಬರ್ತಿದ್ದಿದ್ದು ಊರ ಕಡೆ ಗಾಡಿ ದಾರೀಲಿ. ಬಾಗ್ಲು ಈ ಕಡೆ, ಪರದೆ ಆ ಕಡೆ. ಆ ಕಡೆ ದೊಡ್ಡ ರೋಡ್ ಆದ್ಮೇಲೆ ತಾನೇ ಬಿಲ್ಡಿಂಗ್ ಕಟ್ಟಿದ್ದು? ರೋಡಿಗೆ ಬಾಗ್ಲು ಇಡಬೇಕು ಅಂತ ಎಲ್ಲಾ ತಿರುಗಿಸಿಬಿಟ್ರು. ಪರದೆ ಈ ಕಡೆ ಬಂತು."

ನಾನು ತಿರುಗಿ ನೋಡಿದೆ. ಪೂರ್ವಕ್ಕೆ, ರಸ್ತೆಯ ಅಂಚಿನಲ್ಲಿ, ಟಿಕೆಟ್ ಕೌಂಟರ್ ಇದ್ದ ಕಡೆ ಒಂದು ಇಟ್ಟಿಗೆಯ ದುಂಡು ಕಟ್ಟೆ, ಅದರೊಳಗೆ ದೂಳು ಹಿಡಿದ ಕಣಗಲೆ ಗಿಡ. ಜೆಸಿಬಿಯವನು ಅಷ್ಟನ್ನು ಏಕೋ ಬಿಟ್ಟಿದ್ದ.

"ಆ ಗಿಡ ಆಕಿದ್ದು ಅಪ್ಪಾವ್ರೇ" ಎಂದ ಮುದುಕ. "ಕಟ್ಟೋವಾಗ ಅಲ್ಲಿ ಗುಂಡಿ ತೋಡೋಕೆ ಬಿಡಲಿಲ್ಲ. ಜಗಳ ಆಡಿ ಮೆಟ್ಲು ಪಕ್ಕಕ್ಕೆ ಸರಿಸಿದ್ರು. ಅಮ್ಮಾವ್ರು ಒಳಗೆ ಕೂತಿದ್ರೆ ಇವ್ರು ಮೂರು ಗಂಟೆ ಅಲ್ಲೇ ನಿಂತಿರೋರು. ನಾನೊಂದ್ಸಲ ಕೇಳಿದೆ, ನೀವೂ ಒಳಗೆ ಕೂತ್ಕೊಳ್ಳಿ ಸಾಮಿ ಅಂತ. ಏನಂದ್ರು ಗೊತ್ತಾ? ಅವಳಾದ್ರೂ ಮರ್ತವ್ಳೆ, ನೋಡ್ಲಿ ಬಿಡು ಅಂದ್ರು. ಏನು ಮರ್ತಿದ್ದು ಅಂತ ನಾನು ಕೇಳಲಿಲ್ಲ."

ಇಟ್ಟಿಗೆಯ ರಾಶಿಯ ಮೇಲೆ ಕೂತುಬಿಟ್ಟೆ. ಒಂದೇ ಕಟ್ಟಡದ ಒಂದು ತುದಿಯಲ್ಲಿ ಅಪ್ಪ, ಇನ್ನೊಂದು ತುದಿಯಲ್ಲಿ ಅಮ್ಮ. ಅವಳು ಮರೆತಿದ್ದಾಳೆಂದು ಅವನು ತಿಳಿದಿದ್ದ. ಅವನು ಕಲ್ಲುಹೃದಯದವನು, ಸಿನಿಮಾ ಬಿಡುವುದನ್ನು ಕಾಯುತ್ತಾ ಬೀಡಿ ಸೇದುತ್ತಾನೆಂದು ಇವಳು ತಿಳಿದಿದ್ದಳು. ಒಬ್ಬರಿಗೊಬ್ಬರು ಒಂದು ಮಾತು ಆಡಿದ್ದರೆ ಸಾಕಿತ್ತು. ಗಂಡಹೆಂಡಿರ ನಡುವೆ ಇಷ್ಟು ದೊಡ್ಡ ಮೌನ ಇರಲು ಸಾಧ್ಯವೇ? ನಮ್ಮ ಮನೆಯಲ್ಲಿತ್ತು, ನಾನು ಅದರೊಳಗೇ ಬೆಳೆದಿದ್ದೆ.

ಇಂಜಿನಿಯರನ್ನು ಕರೆದು ಕಣಗಲೆಯ ಜಾಗ ತೋರಿಸಿದೆ. ಅವನು ನಕ್ಷೆ ನೋಡಿ, "ಇದು ರೋಡ್ ಬದಿ ಬಿಡಬೇಕಾದ ಜಾಗಾರೀ ಸರ್. ಇಲ್ಲಿ ನಾವು ತೋಡೂದಽ ಇಲ್ಲ, ಗಿಡ ಹಚ್ಚತೀವಿ" ಎಂದ. ಅಂದರೆ ಮಗುವಿಗೆ ಏನೂ ಆಗುವುದಿಲ್ಲ. ಅದು ಇದ್ದಲ್ಲೇ ಇರುತ್ತದೆ. ಸಂತೋಷಪಡಬೇಕಾದ ಸುದ್ದಿ. ಆದರೆ ಅದನ್ನು ಅಮ್ಮನಿಗೆ ಹೇಳುವುದು ಹೇಗೆ? ನೀನು ಕೂರುತ್ತಿದ್ದ ಕಡೆ ನಿನ್ನ ಮಗು ಇರಲಿಲ್ಲ, ಬರೀ ನೆಲವಿತ್ತು ಎನ್ನುವುದು ಹೇಗೆ?

ಸುಳ್ಳು ಹೇಳಬೇಕೆಂದೇ ಮೊದಲು ಹೊಳೆಯಿತು. ಗುರುತು ಹಾಕಿದ್ದ ಕಡೆ ಒಂದು ಹಿಡಿ ಮಣ್ಣು ಅಗೆಸಿ, ಸಿಕ್ಕಿತಮ್ಮ ಎಂದು ಕೊಟ್ಟರೆ ಅವಳ ಜೀವ ತಣ್ಣಗಾಗುತ್ತದೆ. ಆಳು ಗುದ್ದಲಿ ಎತ್ತಿಯೂ ಬಿಟ್ಟಿದ್ದ. ಬೇಡ ಎಂದು ಕೈ ಹಿಡಿದೆ. ಅವಳು ಆ ಮಣ್ಣನ್ನು ಎದೆಗೊತ್ತಿಕೊಳ್ಳುತ್ತಾಳೆ, ನಾನು ಅದನ್ನು ನೋಡುತ್ತಾ ನಿಲ್ಲಬೇಕು. ಅಷ್ಟು ಕಲ್ಲಾಗಲು ನನ್ನಿಂದ ಆಗಲಿಲ್ಲ. ಈ ಮನೆಯಲ್ಲಿ ಮುಚ್ಚಿಟ್ಟದ್ದು ಸಾಕು ಎಂದೂ ಸಿಟ್ಟು ಬಂತು. ಅಪ್ಪನ ಮೇಲೆ, ಅಜ್ಜಿಯ ಮೇಲೆ, ಎಲ್ಲರಿಗಿಂತ ಹೆಚ್ಚು ನನ್ನ ಮೇಲೆ.

ಮನೆಗೆ ಬಂದಾಗ ಅಮ್ಮ ಜಗುಲಿಯ ಮೇಲೆ ಕೂತಿದ್ದಳು. ತಲೆಗೆ ಸ್ನಾನ ಮಾಡಿದ್ದಳು. ತೊಡೆಯ ಮೇಲೆ ಮಡಿಸಿದ ಹೊಸ ಬಿಳಿ ಪಂಚೆಯ ತುಂಡು, ಪಕ್ಕದಲ್ಲಿ ಲೋಟ ಹಾಲು, ಮುಚ್ಚಿಟ್ಟ ತಟ್ಟೆ. ನನ್ನ ಕೈ ಖಾಲಿಯಿರುವುದನ್ನು ನೋಡಿ, "ಸಿಗಲಿಲ್ವಾ?" ಎಂದಳು.

ಪಕ್ಕ ಕೂತು ಹೇಳಿದೆ. ಗಾಡಿ ದಾರಿ, ದೊಡ್ಡ ರಸ್ತೆ, ಟೆಂಟಿನ ಪರದೆ, ಕಟ್ಟಡದ ಪರದೆ, ಕಣಗಲೆ ಗಿಡ, ಅಪ್ಪ ನಿಲ್ಲುತ್ತಿದ್ದ ಜಾಗ. ಅಲ್ಲಿ ಯಾರೂ ಅಗೆಯುವುದಿಲ್ಲ ಎಂದು ಎರಡು ಸಲ ಹೇಳಿದೆ. ಅವಳು ಮರೆತಿದ್ದಾಳೆಂದು ಅಪ್ಪ ತಿಳಿದಿದ್ದ ಎಂಬುದೊಂದನ್ನು ಮಾತ್ರ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಅಮ್ಮ ಬೆರಳಿನಿಂದ ಜಗುಲಿಯ ಮೇಲೆ ಒಂದು ಗೆರೆ ಎಳೆದಳು. ಗೆರೆಯ ಈ ತುದಿ ಮುಟ್ಟಿದಳು, ಆ ತುದಿ ಮುಟ್ಟಿದಳು. ಲೆಕ್ಕ ಹತ್ತಲಿಲ್ಲವೇನೋ, ಮತ್ತೊಮ್ಮೆ ಮುಟ್ಟಿದಳು. ಆಮೇಲೆ ಅವಳ ಬಾಯಿ ತೆರೆದುಕೊಂಡಿತು. ನನ್ನ ಅಮ್ಮನ ಮುಖ ಹಾಗಾದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

"ಅಂಗಾದ್ರೆ ನಾನು ಅವ್ಳಿಗೆ ಬೆನ್ನು ಆಕ್ಕೊಂಡು ಕೂತಿದ್ನಾ? ಇಷ್ಟು ವರ್ಸ?"

ನಾನು ಏನೋ ಹೇಳಲು ಹೋದೆ. ನಿನಗೆ ಗೊತ್ತಿರಲಿಲ್ಲವಲ್ಲಮ್ಮ ಎಂದಿರಬೇಕು. ಅವಳಿಗೆ ಕೇಳಿಸಲಿಲ್ಲ. ಗೋಡೆ ಹಿಡಿದು ಎದ್ದಳು, ಬಟ್ಟೆಯನ್ನು ಅಲ್ಲೇ ಬಿಟ್ಟು ಹಾಲಿನ ಲೋಟವನ್ನು ಮಾತ್ರ ಕೈಗೆತ್ತಿಕೊಂಡಳು, ಕಾಲಿನಿಂದ ಚಪ್ಪಲಿ ತಡಕಿದಳು.

"ನಡಿ ಮಗ" ಎಂದಳು. "ಎದುರಿಗೆ ಕೂತ್ಕೋಬೇಕು."